ಕರಿದ ಎಣ್ಣೆಯ ಧರ್ಮಸೂಕ್ಷ್ಮ

ದೀಪಾವಳಿ ಮುಗಿದು ಎಂಟು ದಿನವಾಗಿತ್ತು. ನನ್ನ ಸೋದರಳಿಯ ಒಂದು ಹಳೆಯ ಡೀಸೆಲ್ ಅಂಬಾಸಡರ್ ಕಾರನ್ನು ತಂದು ನಮ್ಮ ಸೊಸೈಟಿಯ ಗೇಟಿನ ಮುಂದೆ ನಿಲ್ಲಿಸಿದ. ನಾವಿರುವುದು ಪುಣೆಯಲ್ಲಿ, ಹದಿನಾರು ಮನೆಗಳ ಹಳೆಯ ಕಟ್ಟಡದಲ್ಲಿ. ಅಕ್ಕನ ಮನೆ ಎರಡನೆಯ ಮಹಡಿ, ನಮ್ಮದು ಮೂರನೆಯದು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಯಾರಿಗೂ ಬೇಡವಾದ ಸೊಸೈಟಿಯ ಕಾರ್ಯದರ್ಶಿಯ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಹಾರ್ನಿನ ಸದ್ದು ಕೇಳಿ ನಾನೂ ನನ್ನ ಹೆಂಡತಿಯೂ ಕೆಳಗಿಳಿದು ಹೋದೆವು.

"ಮಾವ, ಇದು ಬಂಕಿಗೆ ಹೋಗುವ ಕಾರಲ್ಲ, ಹೋಟೆಲಿಗೆ ಹೋಗುವ ಕಾರು" ಎಂದ.

"ಹಾಗಾದರೆ ನಿಮ್ಮ ಮಾವನ ಹಾಗೇ ಅನ್ನು" ಎಂದಳು ನನ್ನ ಹೆಂಡತಿ.

ನಗು ಮುಗಿದ ಮೇಲೆ ಅವನು ವಿವರಿಸಿದ. ಹೋಟೆಲುಗಳಲ್ಲಿ ವಡೆ, ಬೋಂಡ, ಪೂರಿ ಕರಿದು ಉಳಿದ ಎಣ್ಣೆಯನ್ನು ತರುವುದು, ಸೋಸುವುದು, ಮನೆಯಲ್ಲೇ ಅದನ್ನು ಡೀಸೆಲಿನಂತಹ ಇಂಧನವಾಗಿ ಮಾರ್ಪಡಿಸುವುದು, ಅದರಿಂದ ಕಾರು ಓಡಿಸುವುದು. ಇಂದಿನ ಕಾರುಗಳ ಸೂಕ್ಷ್ಮವಾದ ಯಂತ್ರ ಇಂತಹ ಮನೆಯ ಅಡುಗೆಯನ್ನು ಸಹಿಸುವುದಿಲ್ಲವಂತೆ. ಹಳೆಯ ಅಂಬಾಸಡರಿನಂತಹ ಒರಟು ಇಂಜಿನ್ನೇ ಅದಕ್ಕೆ ಸರಿ. ಕಂಪನಿ ಅಂಬಾಸಡರ್ ತಯಾರಿಸುವುದನ್ನು 2014ರಲ್ಲೇ ನಿಲ್ಲಿಸಿದ್ದರಿಂದ ಹುಡುಕಾಡಿ ಈ ಒಂದನ್ನು ಸಂಪಾದಿಸಿದ್ದ. "ದುಡ್ಡೂ ಉಳೀತು, ಚೆಲ್ಲೋ ಎಣ್ಣೆಗೂ ಗತಿಯಾಯಿತು, ದೇಶಕ್ಕೂ ಒಳ್ಳೇದು. ಇದರಲ್ಲಿ ತಪ್ಪೇನಿದೆ ಹೇಳಿ ಮಾವ?"

ತಪ್ಪೇನೂ ಆಗ ನನಗೆ ತೋರಲಿಲ್ಲ. ಹೊಸ ಕಾರಿಗಾಗಿ ಸಾಲ ಮಾಡುವ ವಯಸ್ಸಿನ ಹುಡುಗ ಹಳೆಯದನ್ನು ಹಿಡಿದು ತಂದು, ಕೈ ಎಣ್ಣೆ ಮಾಡಿಕೊಂಡು ದುಡಿಯುತ್ತೇನೆ ಎಂದರೆ ಯಾವ ಸೋದರಮಾವನಿಗೆ ಹೆಮ್ಮೆಯಾಗದು? ಆದರೆ ಆ ಪ್ರಶ್ನೆ ಅಂದಿನಿಂದ ಇಂದಿನವರೆಗೆ ನನ್ನನ್ನು ಬಿಟ್ಟಿಲ್ಲ. ಒಳ್ಳೆಯದೆಂದು ಕಾಣುವ ಕೆಲಸ ಎಲ್ಲಿಯವರೆಗೆ ಒಳ್ಳೆಯದು? ಅದರ ಲೆಕ್ಕವನ್ನು ಯಾರು ಇಡಬೇಕು? ಈ ವಿಚಾರವನ್ನೇ ಇಲ್ಲಿ ಓದುಗರೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮೊದಲು ಈ ಕಲ್ಪನೆಯೇನೂ ಹೊಸದಲ್ಲ ಎಂಬುದನ್ನು ಹೇಳಬೇಕು. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಾಗತಿಕ ಪ್ರದರ್ಶನದಲ್ಲಿ ಆಟೋ ಎಂಬ ಕಂಪನಿಯವರು ಒಂದು ಪುಟ್ಟ ಡೀಸೆಲ್ ಇಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರು. ಇಂಜಿನ್ನು ಎಷ್ಟು ಸರಾಗವಾಗಿ ಓಡಿತೆಂದರೆ, ಅದರೊಳಗೆ ಉರಿಯುತ್ತಿರುವುದು ಅಡುಗೆಯ ಎಣ್ಣೆ ಎಂಬುದು ನೋಡಿದವರಲ್ಲಿ ಕೆಲವರಿಗಷ್ಟೇ ತಿಳಿದಿತ್ತಂತೆ. ಈ ಇಂಜಿನ್ನನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ ಸ್ವತಃ 1912ರಲ್ಲಿ ಇದನ್ನು ನೆನೆದಿದ್ದಾನೆ. ಆ ಪ್ರಯೋಗವನ್ನು ಬಯಸಿದ್ದು ಫ್ರಾನ್ಸಿನ ಸರ್ಕಾರ. ಆಫ್ರಿಕದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೆಯುತ್ತದೆ, ಅಲ್ಲಿನ ಯಂತ್ರಗಳಿಗೆ ಅಲ್ಲಿಯ ಎಣ್ಣೆಯೇ ಆದರೆ ಕಲ್ಲಿದ್ದಲನ್ನು ಹೊತ್ತು ಸಾಗಿಸುವುದು ತಪ್ಪುತ್ತದೆ ಎಂಬುದು ಅದರ ಎಣಿಕೆ.

ನನ್ನ ಅಳಿಯ ಈ ಕಥೆಯನ್ನು ಸ್ವಾವಲಂಬನೆಯ ಕಥೆಯೆಂದು ಹೇಳಿದ. ನನಗೆ ಅದರಲ್ಲಿ ಇನ್ನೊಂದು ಮುಖವೂ ಕಂಡಿತು. ಕಡಲೆಕಾಯಿ ಬೆಳೆಯುವ ಆಫ್ರಿಕದ ರೈತನನ್ನು ಪ್ಯಾರಿಸ್ಸಿನಲ್ಲಿ ಯಾರೂ ಕೇಳಿರಲಿಲ್ಲ. ಅವನ ಹೊಲದ ಬೆಳೆ ಅವನ ಹೊಟ್ಟೆಗೋ, ಸರ್ಕಾರದ ಇಂಜಿನ್ನಿಗೋ ಎಂಬುದನ್ನು ತೀರ್ಮಾನಿಸುವವರು ಬೇರೆ. ಎಣ್ಣೆಯಿಂದ ಗಾಡಿ ಓಡಿಸುವ ಪ್ರಶ್ನೆ ಹುಟ್ಟಿದಂದೇ ಅದರ ಜೊತೆಗೆ ಈ ನೈತಿಕ ಪ್ರಶ್ನೆಯೂ ಅವಳಿಯಾಗಿ ಹುಟ್ಟಿತೆಂದರೆ ತಪ್ಪಾಗದು.

ನಮ್ಮ ದೇಶದಲ್ಲಿ ಈ ಎರಡು ಮುಖಗಳನ್ನೂ ಕಂಡವರು ಜೆ.ಸಿ. ಕುಮಾರಪ್ಪನವರು. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಗ್ರಾಮೋದ್ಯೋಗ ಸಂಘವನ್ನು ವರ್ಧಾದ ಮಗನವಾಡಿಯಲ್ಲಿ ಕಟ್ಟಿ ಬೆಳೆಸಿದವರು ಅವರು. ಸೀಮೆಎಣ್ಣೆ ಪರದೇಶದಿಂದ ಬರುವುದು, ಮುಗಿದರೆ ಮತ್ತೆ ಹುಟ್ಟದು. ಬೀಜದ ಎಣ್ಣೆ ವರ್ಷವರ್ಷವೂ ಹುಟ್ಟುವುದು. ಆದ್ದರಿಂದ ಹಳ್ಳಿಯ ಮನೆಗಳಲ್ಲಿ ಬೀಜದ ಎಣ್ಣೆಯ ದೀಪವೇ ಉರಿಯಲಿ ಎಂದು ಅಲ್ಲಿ 'ಮಗನ ದೀಪ' ಎಂಬ ಲಾಂದ್ರವನ್ನೇ ರೂಪಿಸಿದರು. ನನ್ನ ಅಳಿಯನ ಕಾರಿಗೆ ಈ ದೀಪ ಅಜ್ಜನಾಗಬೇಕು. ಆದರೆ 1945ರ 'ಎಕಾನಮಿ ಆಫ್ ಪರ್ಮನೆನ್ಸ್' ಪುಸ್ತಕದ ಇದೇ ಕುಮಾರಪ್ಪನವರು ಮಲಬಾರಿನಲ್ಲಿ ಭತ್ತದ ಗದ್ದೆಗಳು ತೆಂಗಿನ ತೋಟಗಳಾಗಿ, ಆ ಎಣ್ಣೆ ಸಾಬೂನಿನ ಕಾರ್ಖಾನೆಗೆ ಹೋಗುವುದನ್ನು ಕಟುವಾಗಿ ಆಕ್ಷೇಪಿಸಿದವರೂ ಹೌದು. ಉಣ್ಣುವ ಅನ್ನದ ನೆಲವನ್ನು ಕಿತ್ತುಕೊಂಡು ಮಾಡಿದ ಎಣ್ಣೆ ಎಷ್ಟೇ ಸ್ವದೇಶಿಯಾದರೂ ಧರ್ಮದ ಎಣ್ಣೆಯಲ್ಲ ಎಂಬುದು ಅವರ ಮಾತಿನ ಇಂಗಿತ.

ಈಚಿನ ಚರಿತ್ರೆ ಅವರ ಅಂಜಿಕೆಯನ್ನು ನಿಜಮಾಡಿತು. 2007-08ರಲ್ಲಿ ಜಗತ್ತಿನಾದ್ಯಂತ ಧಾನ್ಯಗಳ ಬೆಲೆ ಏರಿ ಬಡದೇಶಗಳಲ್ಲಿ ಹಾಹಾಕಾರವೆದ್ದಾಗ, ಅದರ ಕಾರಣಗಳಲ್ಲಿ ಒಂದಾಗಿ ಅರ್ಥಶಾಸ್ತ್ರಜ್ಞರು ಬೆರಳು ಮಾಡಿದ್ದು ಜೋಳವೂ ಎಣ್ಣೆಯೂ ಗಾಡಿಗಳ ಹೊಟ್ಟೆಗೆ ಹೋದದ್ದರ ಕಡೆಗೆ. ನಮ್ಮಲ್ಲಿ 2003ರಲ್ಲಿ ಯೋಜನಾ ಆಯೋಗ ಕಾಡುಹರಳಿನ, ಅಂದರೆ ಜಟ್ರೋಫಾದ, ದೊಡ್ಡ ಯೋಜನೆಯೊಂದನ್ನು ಮುಂದಿಟ್ಟಿತು. ಅದು ಊಟದ ಎಣ್ಣೆಯಲ್ಲ, ಬಂಜರಿನಲ್ಲಿ ಬೆಳೆಯುತ್ತದೆ, ಆದ್ದರಿಂದ ಯಾರ ಅನ್ನವೂ ಹೋಗದು ಎಂಬ ವಾದ. ಆದರೆ ಬಂಜರಿನಲ್ಲಿ ಬೆಳೆದ ಗಿಡ ಬಂಜರಿಗೆ ತಕ್ಕಷ್ಟೇ ಕಾಯಿ ಬಿಟ್ಟಿತು. ಮೇಲಾಗಿ ಸರ್ಕಾರದ ಕಾಗದದಲ್ಲಿ ಬಂಜರೆಂದು ಬರೆದ ನೆಲ ಎಷ್ಟೋ ಕಡೆ ಬಡವರ ದನಕುರಿಗಳ ಗೋಮಾಳವಾಗಿತ್ತು. ಯೋಜನೆ ನೆಲಕಚ್ಚಿತು.

ನಮ್ಮ ಕಡೆಯ ಹೊಂಗೆಯ ಕಥೆ ಇದಕ್ಕಿಂತ ಹಿತವಾದದ್ದು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ನನಗೆ ಹೊಂಗೆಯ ಹೆಸರೆತ್ತಿದರೆ ಸಾಕು, ಹೊಲದ ಬದುವಿನ ತಂಪು ನೆನಪಾಗುತ್ತದೆ. ನಮ್ಮ ತಂದೆಯ ಕಾಲದಲ್ಲಿ ಕೊಟ್ಟಿಗೆಯ ದೀಪಕ್ಕೆ ಹೊಂಗೆ ಎಣ್ಣೆ, ಗದ್ದೆಗೆ ಹೊಂಗೆ ಸೊಪ್ಪು, ತೋಟಕ್ಕೆ ಹೊಂಗೆ ಹಿಂಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಈ ಎಣ್ಣೆಯಿಂದಲೇ ಡೀಸೆಲ್ ಜನರೇಟರುಗಳನ್ನು ಓಡಿಸಿ, ನಮ್ಮ ಜಿಲ್ಲೆಯದೇ ಆದ ಕಗ್ಗೇನಹಳ್ಳಿಯಲ್ಲಿ ನೀರೆತ್ತುವ ಪ್ರಯೋಗ ನಡೆಸಿದ್ದನ್ನು ಓದಿ ಹಿಗ್ಗಿದ್ದೆ. ಬದುವಿನ ಮರ, ಯಾರೂ ತಿನ್ನದ ಬೀಜ, ಊರಿನ ಗಾಣ, ಊರಿನ ನೀರು. ಅಲ್ಲಿ ಎಣ್ಣೆ ಹುಟ್ಟಿದ ಕಡೆಯೇ ಸಲ್ಲುತ್ತದೆ. ಹಿಂಡಿ ಮರಳಿ ಮಣ್ಣಿಗೆ ಹೋಗುತ್ತದೆ.

ಆದರೆ ಪುಣೆಯ ಮೂರನೆಯ ಮಹಡಿಯಲ್ಲಿ ಹೊಂಗೆಯ ಮರವೆಲ್ಲಿಂದ ಬರಬೇಕು? ನಮಗೆ ದೊರೆತದ್ದು ಬೀದಿಯ ಕೊನೆಯ ಹೋಟೆಲಿನ ಬಾಣಲೆ. ಅದರ ಯಜಮಾನರು ಕುಂದಾಪುರದ ಕಡೆಯವರು, ನಮ್ಮ ಸಂಘದ ಸದಸ್ಯರು. ಹುಡುಗ ಎಣ್ಣೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ಕೊಡುವುದಕ್ಕೇನು ಮಾರಾಯ್ರೇ, ಕೊಡುವ" ಎಂದರು. "ಆದರೆ ಇದೂ ಮಾರಾಟದ ಸಾಮಾನು ಅಂತ ನಿಮಗೆ ಗೊತ್ತುಂಟಾ? ಹಿಂದೆಲ್ಲ ಕೈಗಾಡಿಯವರು ಬಂದು ಕೊಂಡುಕೊಂಡು ಹೋಗುತ್ತಿದ್ದರು. ಅದರಲ್ಲಿ ಅವರು ಮತ್ತೆ ಕರಿಯುವುದು. ತಿನ್ನುವವರು ಯಾರು? ಕೂಲಿಯವರು."

ಅವರ ಈ ಮಾತು ನನ್ನ ಕಣ್ಣು ತೆರೆಸಿತು. ನಾವು ಕಸವೆಂದು ತಿಳಿದದ್ದು ಕಸವಾಗಿರಲಿಲ್ಲ. ನಮಗಿಂತ ಬಡವನ ತಟ್ಟೆಯಾಗಿತ್ತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಆರೋಗ್ಯಕ್ಕೆ ಕೆಡುಕು. ಎಷ್ಟರ ಮಟ್ಟಿಗೆ ಕೆಟ್ಟ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಗೆ ಬಂದಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ಲೆಕ್ಕವಿಟ್ಟು, ಉಳಿದದ್ದನ್ನು ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡಬೇಕು. ಅದರಿಂದ ಬಯೋಡೀಸೆಲ್ ತಯಾರಾಗಬೇಕು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಆಶಯ. ಈ ದೃಷ್ಟಿಯಿಂದ ನೋಡಿದರೆ ಬಡವನ ತಟ್ಟೆಯಿಂದ ಆ ವಿಷವನ್ನು ತೆಗೆದು ಕಾರಿನ ಹೊಟ್ಟೆಗೆ ಹಾಕುವುದು ಪುಣ್ಯದ ಕೆಲಸವೇ ಸರಿ. ನಮ್ಮ ಯಜಮಾನರದು ಸಣ್ಣ ಹೋಟೆಲು, ಈ ಲೆಕ್ಕದ ಮಿತಿಯೊಳಗೆ ಬಾರದು. ಅವರು ಹಣ ತೆಗೆದುಕೊಳ್ಳದೆ ಡಬ್ಬಿಗಳನ್ನು ತುಂಬಿಸಿ ಕೊಡತೊಡಗಿದರು.

ಈಗ ಒಂದು ಸಣ್ಣ ಲೆಕ್ಕ. ಲೀಟರಿಗೆ ಹನ್ನೆರಡು ಕಿಲೋಮೀಟರಿನಂತೆ ತಿಂಗಳಿಗೆ ಆರುನೂರು ಕಿಲೋಮೀಟರು ಓಡಿದರೂ ಕಾರಿಗೆ ಐವತ್ತು ಲೀಟರು ಬೇಕು. ನಮ್ಮ ಮನೆಗೆ ತಿಂಗಳಿಗೆ ಮೂರು ಲೀಟರು ಎಣ್ಣೆ ತಂದರೆ, ಕರಿದು ಮಿಗುವುದು ಒಂದು ಲೋಟ. ಹದಿನಾರು ಮನೆಗಳ ಲೋಟಗಳನ್ನೆಲ್ಲ ಕೂಡಿಸಿದರೂ ಕಾರು ಲೋಣಾವಳದ ಘಟ್ಟ ಇಳಿಯಲಾರದು. ಅಂದರೆ ಒಬ್ಬನ ಕಾರು ಓಡಬೇಕಾದರೆ ನೂರಾರು ಜನ ಬೋಂಡ ತಿನ್ನಬೇಕು, ಮತ್ತು ಆ ನೂರಾರು ಜನರಲ್ಲಿ ಯಾರಿಗೂ ಇಂತಹ ಕಾರು ಇರಬಾರದು!

ಎಲ್ಲರೂ ಮಾಡಲಾಗದ ಒಳ್ಳೆಯ ಕೆಲಸ ನಿಜವಾಗಿ ಒಳ್ಳೆಯದೇ? ಇದನ್ನು ಯೋಚಿಸುವಾಗ ನನಗೆ ನೆನಪಾದದ್ದು ವಾರಾನ್ನ. ನಮ್ಮ ತಂದೆ ತುಮಕೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಈ ಪುಣೆಯಲ್ಲೂ ಮಧುಕರಿ ಬೇಡಿ ಓದಿದ ಮಹನೀಯರು ಎಷ್ಟೋ ಮಂದಿ. ಊರಿನವರೆಲ್ಲ ವಾರಾನ್ನಕ್ಕೆ ಹೊರಟರೆ ಒಲೆ ಹಚ್ಚುವವರು ಯಾರು? ಆದರೂ ವಾರಾನ್ನ ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ಮೂರು ಕಟ್ಟುಪಾಡುಗಳಿದ್ದುವು. ಹಸಿವಿಗೆ ಬೇಕಾದಷ್ಟೇ ಉಣ್ಣಬೇಕು. ಉಂಡ ಮನೆಯ ಋಣ ನೆನೆಯಬೇಕು. ಇದು ನನ್ನ ಸ್ವಂತ ಸಂಪಾದನೆ ಎಂದು ಎಲ್ಲಿಯೂ ಕೊಚ್ಚಿಕೊಳ್ಳಬಾರದು. ಕರಿದ ಎಣ್ಣೆಯ ಕಾರು ಕೂಡ ವಾರಾನ್ನದ ಹುಡುಗನೇ. ಅದು ಊರಿಗೆಲ್ಲ ದಾರಿ ತೋರಿಸುವ ಗುರುವಲ್ಲ. ಅದರ ಅರಿವು ಇದ್ದರೆ ಅದರಲ್ಲಿ ದೋಷವಿಲ್ಲ.

ಸ್ವಾವಲಂಬನೆ ಎಂಬ ಮಾತಿಗೂ ಇಲ್ಲಿ ಸ್ವಲ್ಪ ತಡೆ ಹಾಕಬೇಕು. ಎಣ್ಣೆಯನ್ನು ಹಾಗೆಯೇ ಸುರಿದರೆ ಅದು ತೀರ ಮಂದ, ಕ್ರಮೇಣ ಇಂಜಿನ್ನು ಕಟ್ಟಿಕೊಳ್ಳುತ್ತದೆ. ಆದ್ದರಿಂದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ ನೀರಿನ ಪಸೆ ತೆಗೆದು, ಮೆಥನಾಲ್ ಎಂಬ ದ್ರವದಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಅದಕ್ಕೆ ಬೆರೆಸಬೇಕು. ಒಂದು ರಾತ್ರಿ ಬಿಟ್ಟರೆ ಗ್ಲಿಸರಿನ್ ತಳಕ್ಕಿಳಿಯುತ್ತದೆ, ಮೇಲೆ ನಿಂತದ್ದನ್ನು ನೀರಿನಲ್ಲಿ ತೊಳೆದು ಆರಿಸಿದರೆ ಅದೇ ಇಂಧನ. ನೂರು ಲೀಟರು ಎಣ್ಣೆಗೆ ಇಪ್ಪತ್ತು ಲೀಟರಿನಷ್ಟು ಮೆಥನಾಲ್ ಬೇಕು. ಅದು ತಯಾರಾಗುವುದು ಬಹುಪಾಲು ನೈಸರ್ಗಿಕ ಅನಿಲದಿಂದ ಅಥವಾ ಕಲ್ಲಿದ್ದಲಿನಿಂದ. ಇನ್ನು ಬಾಣಲೆಯ ಎಣ್ಣೆ? ಹೋಟೆಲುಗಳಲ್ಲಿ ಹೆಚ್ಚಾಗಿ ಬಳಸುವುದು ಪಾಮ್ ಎಣ್ಣೆ. ಅದು ಬರುವುದು ಇಂಡೋನೇಷ್ಯ, ಮಲೇಷ್ಯಗಳಿಂದ. ನಮ್ಮ ದೇಶ ಉಣ್ಣುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನದು. ಹಡಗಿನಲ್ಲಿ ಬರುವ ಎಣ್ಣೆಯಿಂದ ತಪ್ಪಿಸಿಕೊಳ್ಳಲು ಹೊರಟವರು ಇನ್ನೊಂದು ಹಡಗಿನ ಎಣ್ಣೆಯನ್ನೇ ಹಿಡಿದಿದ್ದೆವು.

ಮೊದಲ ಕಡಾಯಿ ಪೂರ್ತಿ ಸಾಬೂನಾಯಿತು. ಎರಡನೆಯದು ಸರಿಬಂತು. ಕಾರು ಹೊರಟಾಗ ಹೊಗೆ ಕಡಿಮೆಯಾದದ್ದು ನಿಜ, ಬೀದಿಗೆಲ್ಲ ಹಪ್ಪಳ ಕರಿದ ವಾಸನೆ. ಮಕ್ಕಳು ಹಿಂದೆ ಓಡಿದರು. ಸಂಕ್ರಾಂತಿಯ ದಿನ ಸಂಘದ ಕಾರ್ಯಕ್ರಮಕ್ಕೆ ನಾಲ್ಕು ಮಂದಿ ಹಿರಿಯರನ್ನು ಹತ್ತಿಸಿಕೊಂಡು ಬೆಳಿಗ್ಗೆ ಆರು ಗಂಟೆಗೆ ಹೊರಟೆವು. ಪುಣೆಯ ಜನವರಿಯ ಚಳಿ ಓದುಗರಿಗೆ ಗೊತ್ತೇ ಇದೆ. ಪಾಮ್ ಎಣ್ಣೆಯ ಇಂಧನ ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿ, ಅರ್ಧದಾರಿಯಲ್ಲಿ ಕಾರು ನಿಂತಿತು. ಎಳ್ಳು ಬೆಲ್ಲದ ತಟ್ಟೆ ಹಿಡಿದುಕೊಂಡು ನಾವು ಐದು ಮಂದಿ ರಿಕ್ಷಾಕ್ಕೆ ಕಾಯುತ್ತಿದ್ದ ದೃಶ್ಯವನ್ನು ಸಂಘದಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ಇದೆಲ್ಲ ನಗುವ ಮಾತು. ನಗಲಾರದ ಮಾತು ಒಂದಿದೆ.

ಎಣ್ಣೆಯ ಪೀಪಾಯಿ, ಮೆಥನಾಲಿನ ಕ್ಯಾನು, ಕಡಾಯಿ ಇವನ್ನೆಲ್ಲ ಹುಡುಗ ಇಟ್ಟುಕೊಂಡದ್ದು ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ. ಕಾರ್ಯದರ್ಶಿಯ ಅನುಮತಿಯನ್ನು ಅವನು ಕೇಳಲಿಲ್ಲ. ಕಾರ್ಯದರ್ಶಿಯಾದ ನಾನೂ ನೋಡಿ ನೋಡದಂತೆ ಇದ್ದೆ. ಇದಕ್ಕೆ ಆರು ತಿಂಗಳ ಮುಂಚೆ ಮೊದಲನೆಯ ಮಹಡಿಯವರೊಬ್ಬರು, ಊಟದ ಡಬ್ಬಿ ಮಾಡಿ ಕೊಡುವವರು, ಎರಡು ಹೆಚ್ಚಿನ ಗ್ಯಾಸ್ ಸಿಲಿಂಡರು ಅಲ್ಲಿ ಇಡಲೇ ಎಂದು ಕೇಳಿದ್ದರು. ಬೆಂಕಿಯ ಭಯ, ನಿಯಮಕ್ಕೆ ವಿರುದ್ಧ ಎಂದು ನಾನೇ ಕಾಗದ ಬರೆದು ನಿರಾಕರಿಸಿದ್ದೆ.

ಮೆಥನಾಲ್ ಎಂಬುದು ಬಣ್ಣವಿಲ್ಲದ, ನೀರಿನಂತಹ ದ್ರವ. ಕಳ್ಳಭಟ್ಟಿಯ ದುರಂತಗಳಲ್ಲಿ ಜನ ಸಾಯುವುದು, ಕುರುಡಾಗುವುದು ಬಹುತೇಕ ಇದರಿಂದಲೇ. ಸ್ವಲ್ಪವೇ ಸಾಕು. ಉರಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅದನ್ನು ಕೊಳ್ಳಲು, ಇಡಲು ಸರ್ಕಾರದ ಕಟ್ಟುಪಾಡುಗಳು ಇರುವುದು ಸುಮ್ಮನೆ ಅಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಕೆಳಗಿಳಿದಾಗ ನಮ್ಮ ಕಾವಲುಗಾರನ ಮಗ, ಐದು ವರ್ಷದ ಹುಡುಗ, ಒಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಅಳತೆಗೆಂದು ಅಳಿಯ ಆ ಬಾಟಲಿಯಲ್ಲಿ ಮೆಥನಾಲ್ ತುಂಬಿಸಿ, ಫೋನು ಬಂತೆಂದು ಮೇಲೆ ಹೋಗಿದ್ದ. ನಾನು ಕೂಗಿದೆನೋ, ಓಡಿದೆನೋ ನೆನಪಿಲ್ಲ. ಬಾಟಲಿ ನನ್ನ ಕೈಗೆ ಬಂತು. ಹುಡುಗ ಬೆದರಿ ಅತ್ತ. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದು ನನ್ನ ಪುಣ್ಯವೇ ಹೊರತು ನನ್ನ ನಡತೆಯ ಫಲವಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ನಾವು ಅಳೆದದ್ದು ಏನನ್ನು? ಉಳಿದ ರೂಪಾಯಿ, ಕಡಿಮೆಯಾದ ಹೊಗೆ, ದೇಶದ ವಿದೇಶೀ ವಿನಿಮಯ. ಅಳೆಯದೆ ಬಿಟ್ಟದ್ದು ಒಂದು ಮಗುವಿನ ಕಣ್ಣು. ದೊಡ್ಡ ಒಳಿತಿನ ಉತ್ಸಾಹದಲ್ಲಿರುವವನಿಗೆ ಹತ್ತಿರದಲ್ಲಿ ನಿಂತಿರುವವನು ಕಾಣುವುದಿಲ್ಲ. ಅದರಲ್ಲೂ ಅವನು ಕಾವಲುಗಾರನ ಮಗನಾದರೆ, ಪಾರ್ಕಿಂಗಿನ ಪಕ್ಕದ ಹತ್ತಡಿ ಕೋಣೆಯಲ್ಲಿ ಇರುವವನಾದರೆ, ಇನ್ನೂ ಕಾಣುವುದಿಲ್ಲ. ಗಂಡಾಂತರವಿದ್ದದ್ದು ಅವರ ಬಾಗಿಲಲ್ಲಿ, ಉಳಿತಾಯ ನಮ್ಮ ಮನೆಯಲ್ಲಿ, ಪ್ರಶಂಸೆ ಸಂಘದಲ್ಲಿ.

ಮಾರನೆಯ ದಿನ ಅಳಿಯನನ್ನು ಕರೆದು ಇಲ್ಲಿ ಇನ್ನು ಒಂದು ತೊಟ್ಟು ಕೂಡ ಮಾಡಕೂಡದು ಎಂದೆ. ಅವನ ಮುಖ ಸಣ್ಣದಾಯಿತು.

"ಮಾವ, ತಪ್ಪು ನನ್ನದು. ಒಪ್ಪಿದೆ. ಆದರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪೆಟ್ರೋಲ್ ಕಾರು ಎಂಟು ವರ್ಷದಿಂದ ಅದೇ ಪಾರ್ಕಿಂಗಲ್ಲಿ ನಿಂತಿದೆ. ಅದರ ಹೊಗೆ, ಅದರ ಎಣ್ಣೆ ಎಲ್ಲಿಂದ ಬಂತು, ಯಾರ ಸಮುದ್ರ ಕೆಡಿಸಿತು ಅಂತ ಈ ಕಟ್ಟಡದಲ್ಲಿ ಯಾರಾದರೂ ನಿಮ್ಮನ್ನ ಕೇಳಿದ್ದಾರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಲೋಕದ ವಿಚಿತ್ರ ನ್ಯಾಯವಿದು. ಏನನ್ನೂ ಬದಲಿಸದೆ ಎಲ್ಲರಂತೆ ಬದುಕುವವನನ್ನು ಯಾರೂ ಪ್ರಶ್ನಿಸುವುದಿಲ್ಲ. ಸ್ವಲ್ಪ ಸರಿಯಾಗಿ ಬದುಕಲು ಹೊರಟವನನ್ನು ಕಟಕಟೆಗೆ ಹತ್ತಿಸಿ ಸಾವಿರ ಪ್ರಶ್ನೆ ಕೇಳುತ್ತೇವೆ. ಖಾದಿ ತೊಟ್ಟವನ ಚಪ್ಪಲಿ ಯಾವ ಚರ್ಮದ್ದೆಂದು ಕೇಳುವವರು, ಮಿಲ್ಲಿನ ಬಟ್ಟೆ ತೊಟ್ಟವನ ಚಪ್ಪಲಿಯನ್ನು ನೋಡುವುದೇ ಇಲ್ಲ. ಹೀಗಿರುವುದರಿಂದಲೇ ಎಷ್ಟೋ ಮಂದಿ ಒಳ್ಳೆಯದನ್ನು ಆರಂಭಿಸುವುದಕ್ಕೇ ಅಂಜುತ್ತಾರೆ. ಈ ಮಾತನ್ನು ಅಳಿಯನಿಗೆ ಒಪ್ಪಿ ಹೇಳಿದೆ. ಆದರೆ ಇನ್ನೊಂದನ್ನೂ ಹೇಳಿದೆ: ರೂಢಿಯ ದೋಷಕ್ಕೆ ಊರು, ಸರ್ಕಾರ, ಕಾನೂನು ಎಲ್ಲ ಸೇರಿ ಹೇಗೋ ಒಂದು ಬೇಲಿ ಹಾಕಿರುತ್ತವೆ. ಹೊಸ ದಾರಿ ಹಿಡಿದವನಿಗೆ ಬೇಲಿ ಇರುವುದಿಲ್ಲ. ಅದನ್ನು ಅವನೇ ಹಾಕಿಕೊಳ್ಳಬೇಕು. ಪೆಟ್ರೋಲನ್ನು ನಾನು ಮನೆಯಲ್ಲಿ ಕಾಯಿಸುವುದಿಲ್ಲ.

ಹೊಗೆಯ ವಿಷಯಕ್ಕೂ ಇದೇ ಮಾತು. ಬಯೋಡೀಸೆಲಿನಿಂದ ಮಸಿ ಕಡಿಮೆ, ನಿಜ. ಆದರೆ ಸಾರಜನಕದ ಆಕ್ಸೈಡುಗಳು ಕೊಂಚ ಹೆಚ್ಚೇ ಆಗಬಹುದು. 2020ರ ಏಪ್ರಿಲಿನಿಂದ ಬಂದಿರುವ ಬಿ.ಎಸ್. 6 ಡೀಸೆಲ್ ಕಾರುಗಳಲ್ಲಿ ಹೊಗೆಯನ್ನು ಹಿಡಿಯುವ ಜರಡಿಗಳಿವೆ. ಹಳೆಯ ಅಂಬಾಸಡರಿಗೆ ಅಂಥದ್ದೇನೂ ಇಲ್ಲ. ದೆಹಲಿಯ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಬಳಿಕ ಅಲ್ಲಿಯ ಹಳೆಯ ಕಾರುಗಳು ಅಗ್ಗದ ಬೆಲೆಗೆ ಬೇರೆ ಊರುಗಳಿಗೆ ಹೊರಟವು. ಅಳಿಯ ಮೊದಲು ಅಂತಹದೊಂದನ್ನೇ ಕೊಳ್ಳಲು ಯೋಚಿಸಿದ್ದನಂತೆ. ದೆಹಲಿಯ ಮಗುವಿಗೆ ಸಲ್ಲದ ಹೊಗೆ ಪುಣೆಯ ಮಗುವಿಗೆ ಸಲ್ಲುತ್ತದೆಯೇ ಎಂದು ಅವನಿಗೇ ಅನಿಸಿ ಕೈಬಿಟ್ಟನೆಂದು ಹೇಳಿದ. ಹುಡುಗನಲ್ಲಿ ವಿವೇಕವಿಲ್ಲದೆ ಇಲ್ಲ ಎಂದು ತೋರಿಸಲು ಇದನ್ನು ಬರೆದೆ.

ಅವನ ವಿವೇಕಕ್ಕೆ ಇನ್ನೊಂದು ಸಾಕ್ಷಿ. ಕಾರಿನಲ್ಲಿ ಅವನು ಒಂದು ಪುಸ್ತಕ ಇಟ್ಟು ಎಷ್ಟು ಓಡಿತೆಂದು ಬರೆಯುತ್ತಿದ್ದ. ಮೊದಲ ತಿಂಗಳು ಆರುನೂರು ಕಿಲೋಮೀಟರು, ಮೂರನೆಯ ತಿಂಗಳು ಸಾವಿರದ ನೂರು. ಅದನ್ನು ನನಗೆ ತೋರಿಸಿದವನು ಅವನೇ. "ಎಣ್ಣೆ ಪುಕ್ಕಟೆ, ಪಾಪವೂ ಇಲ್ಲ ಅನ್ನಿಸಿದ ಮೇಲೆ ಹಾಲು ತರೋದಕ್ಕೂ ಕಾರೇ ತೆಗೆದೆ ಮಾವ" ಎಂದು ನಾಚಿಕೊಂಡ. ಪುಣ್ಯವನ್ನು ಮುಂಗಡವಾಗಿ ಪಡೆದುಕೊಂಡವನು ಅದನ್ನು ಖರ್ಚು ಮಾಡುವ ಬಗೆ ಇದು. ಏಕಾದಶಿಯ ಫಲಾಹಾರ ಊಟಕ್ಕಿಂತ ಭಾರಿಯಾಗುವುದನ್ನು ನಮ್ಮ ಮನೆಗಳಲ್ಲಿ ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗದು. ಅಷ್ಟೇ ಅಲ್ಲ, ಡೀಸೆಲಿನ ಮೇಲಿನ ತೆರಿಗೆಯಿಂದ ಬೊಕ್ಕಸ ತುಂಬುತ್ತದೆ, ರಸ್ತೆಯೂ ಆಗುತ್ತದೆ. ಮನೆಯ ಎಣ್ಣೆಯವನು ರಸ್ತೆಯ ಮೇಲೆ ಓಡುತ್ತಾನೆ, ಆ ತೆರಿಗೆ ಕೊಡುವುದಿಲ್ಲ. ಸಣ್ಣ ಮಾತೇ, ಆದರೂ ಲೆಕ್ಕದಲ್ಲಿ ಬರೆಯಬೇಕಾದ ಮಾತು.

ಹಾಗಾದರೆ ಹುಡುಗ ಮಾಡಿದ್ದು ತಪ್ಪೇ? ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಅವನ ಉದ್ದೇಶ ಸರಿ, ವಸ್ತುವೂ ಸರಿ. ಕಸವನ್ನು ಬಳಕೆಗೆ ತರುವುದು ಎಂದಿಗೂ ಅಧರ್ಮವಲ್ಲ. ತಪ್ಪಿದ್ದು ಮೂರು ಕಡೆ. ತನ್ನ ಒಳ್ಳೆಯತನದ ಅಪಾಯವನ್ನು ಕೇಳದೆ ಬೇರೆಯವರ ಬಾಗಿಲಲ್ಲಿ ಇಟ್ಟದ್ದು. ಹಲವರ ಋಣದಿಂದ ನಡೆಯುವುದನ್ನು ಸ್ವಾವಲಂಬನೆ ಎಂದು ಕರೆದದ್ದು. ಒಳ್ಳೆಯದನ್ನು ಮಾಡುತ್ತಿದ್ದೇನೆಂಬ ನೆಮ್ಮದಿಯಲ್ಲಿ ಅಗತ್ಯವನ್ನು ಬೆಳೆಸಿಕೊಂಡದ್ದು. ಇವು ಮೂರೂ ಎಣ್ಣೆಗೆ ಮಾತ್ರ ಸೇರಿದ ತಪ್ಪುಗಳಲ್ಲ. ಸಂಘ ಸಂಸ್ಥೆಗಳಲ್ಲಿ, ಮನೆಯಲ್ಲಿ, ಪೂಜೆಯಲ್ಲಿ, ಸಮಾಜಸೇವೆಯಲ್ಲಿ ನಾವೆಲ್ಲರೂ ಮಾಡುವಂಥವು. ನನ್ನ ತಪ್ಪು ನಾಲ್ಕನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು: ಪರರಿಗೆ ಇಲ್ಲವೆಂದದ್ದನ್ನು ನಮ್ಮವನಿಗೆ ಮೌನದಿಂದ ಕೊಟ್ಟದ್ದು. ಊರು ಬಿಟ್ಟು ಬಂದ ನಮಗೆ ನಮ್ಮವರೆಂಬ ಮಮತೆ ಸ್ವಲ್ಪ ಹೆಚ್ಚು. ಆ ಮಮತೆ ಪಕ್ಕದವನ ಪಾಲಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ನಮಗೇ ಬಿಟ್ಟ ಕೆಲಸ.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಎದ್ದು ನಿಂತು ಹೇಳಿದೆ, ಮೊದಲನೆಯ ಮಹಡಿಯವರ ಕ್ಷಮೆ ಕೇಳಿದೆ. ಕಾರ್ಯದರ್ಶಿಯ ಕೆಲಸ ಬಿಡುತ್ತೇನೆಂದರೆ ಯಾರೂ ಒಪ್ಪಲಿಲ್ಲ. ಅದು ನನ್ನ ಮೇಲಿನ ಗೌರವದಿಂದಲ್ಲ, ಬೇರೆ ಯಾರೂ ಸಿಗುವುದಿಲ್ಲವೆಂದು. ಅಕ್ಕನಿಗೆ ಮಾತ್ರ ನೋವಾಯಿತು. "ಎಲ್ಲರ ಮುಂದೆ ನನ್ನ ಮಗನ್ನ ನಿಲ್ಲಿಸಿದೆಯಲ್ಲೋ" ಎಂದಳು. ಯುಗಾದಿಯ ಹೋಳಿಗೆ ಬಂತು, ಆದರೆ ಅವಳು ಬರಲಿಲ್ಲ, ಕೆಲಸದವಳ ಕೈಯಲ್ಲಿ ಕಳಿಸಿದ್ದಳು.

ಅಂಬಾಸಡರ್ ಈಗಲೂ ಇದೆ. ಬಂಕಿನ ಡೀಸೆಲ್ ಹಾಕಿಸಿಕೊಂಡು ತಿಂಗಳಿಗೆ ಒಂದೆರಡು ಸಲ ಹೊರಡುತ್ತದೆ. ಹುಡುಗ ಕಚೇರಿಗೆ ಬಸ್ಸಿನಲ್ಲಿ ಹೋಗುತ್ತಾನೆ. ಕಟ್ಟಡದ ಕೆಳಗೆ ಒಂದು ಡಬ್ಬಿ ಇಟ್ಟಿದ್ದಾನೆ. ಹದಿನಾರು ಮನೆಯವರು ಕರಿದು ಮಿಕ್ಕ ಎಣ್ಣೆಯನ್ನು ಮೋರಿಗೆ ಚೆಲ್ಲದೆ ಅದರಲ್ಲಿ ಹಾಕುತ್ತಾರೆ, ತುಂಬಿದ ಮೇಲೆ ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಟ್ಟು ಬರುತ್ತಾನೆ. ಅದರಿಂದ ಯಾರ ಕಾರು ಓಡುತ್ತದೋ ಅವನಿಗೆ ಗೊತ್ತಿಲ್ಲ. ಮೊನ್ನೆ ಕೆಳಗೆ ಹೋದಾಗ ಕಾವಲುಗಾರನ ಮಗ ಆ ಡಬ್ಬಿಯ ಪಕ್ಕದಲ್ಲಿ ಗೋಲಿ ಆಡುತ್ತಿದ್ದ. ನಾನು ಬಗ್ಗಿ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದೆ. ಈಗ ಅದು ನನಗೆ ಅಭ್ಯಾಸವಾಗಿದೆ.